ಹದಿನೇಳನೇ ಬಟ್ಟಲು

ಎದುರಿನ ಮಳಿಗೆಯ ಪರದೆ ಸರಿಯಿತು... ಬ್ಲಾಂಡೀನಳ ಎದೆ ಧಸಕ್ಕೆಂದಿತು!

ರೆಜಿಸ್!

ಯಾರ ಮುಖ ನೋಡಬಾರದೆಂದು ಮೂರು ವರ್ಷ ದಾರಿ ಬದಲಿಸಿ ಓಡಾಡಿದ್ದಳೋ, ಅವನೇ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಚೆಸ್ಟ್‌ನಟ್ ಜಾಮಿನ ಸೀಸೆ ಜೋಡಿಸುತ್ತಿದ್ದ. ಪ್ರಿವಾ ಊರಿನ ಕ್ರಿಸ್ಮಸ್ ರುಚಿಮೇಳದಲ್ಲಿ ನೂರು ಮಳಿಗೆ. ಅಷ್ಟರಲ್ಲಿ ಇವನಿಗೆ ಸಿಕ್ಕಿದ್ದು ಇದೇ ಜಾಗ!

'ದೇವರೇ, ಇವತ್ತೊಂದು ದಿನ ಹೇಗಾದರೂ ದಾಟಿಸಿಬಿಡು. ಜಗಳ ಆಡುವುದಕ್ಕೂ ನನ್ನಲ್ಲಿ ತ್ರಾಣವಿಲ್ಲ...'

ತ್ರಾಣ ಎಲ್ಲಿಂದ ಬರಬೇಕು? ನಲವತ್ತು ಆಡು, ನೋಡಿಕೊಳ್ಳಲು ಒಂಟಿ ಜೀವ. ಬೆಳಕು ಹರಿಯುವ ಮೊದಲೇ ಮೇವು ಹಾಕಿ, ಚೀಸಿನ ಪೆಟ್ಟಿಗೆಗಳನ್ನು ತಾನೇ ವ್ಯಾನಿಗೆ ಹೊತ್ತು, ಹಿಮ ಕಟ್ಟಿದ ಬೆಟ್ಟದ ತಿರುವುಗಳನ್ನು ಇಳಿದು ಬಂದಿದ್ದಳು. ಸಾಕಾಗಿಹೋಗಿತ್ತು ಅವಳಿಗೆ. ಸೋಮವಾರ ಲಾರಿ ಬಂದು ಆಡುಗಳನ್ನೆಲ್ಲ ಕೊಂಡೊಯ್ಯುತ್ತದೆ. ಆಮೇಲೆ ಪಟ್ಟಣದಲ್ಲಿ ಅಕ್ಕನ ಮನೆ. ಈ ಬೆಟ್ಟದ ಸಹವಾಸವೇ ಬೇಡ.

"ಚೆನ್ನಾಗಿದ್ದೀಯಾ?" ಮೆಲ್ಲಗೆ ಕೇಳಿದ ರೆಜಿಸ್.

"ನೀವ್ಯಾರು ಅಂತ ಗೊತ್ತಾಗ್ಲಿಲ್ಲ."

"ಬ್ಲಾಂಡೀನ್... ತುಂಬಾ ಸೊರಗಿಹೋಗಿದ್ದೀಯ."

"ಚೀಸ್ ಬೇಕಿದ್ರೆ ಸಾಲಲ್ಲಿ ನಿಂತ್ಕೊಳ್ಳಿ. ಅಯ್ಯೋ, ಮರೆತೇಬಿಟ್ಟೆ! ನಮ್ಮ ಚೀಸ್ ನಿಮ್ಮ ಬಾಯಿಗೆ ಸೇರಲ್ಲ, ಅಲ್ವಾ?"

ಅವನ ಮುಖ ಸಪ್ಪಗಾಯಿತು. ಏನೋ ಹೇಳಲು ಹೊರಟ. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ನಡುವೆ ಬಂದರು.

ಮೂರು ವರ್ಷದ ಹಿಂದೆ ಒಂದು ಇಡೀ ಶರತ್ಕಾಲ ಅವನು ದಿನಾ ಸಂಜೆ ಅವಳ ಹಟ್ಟಿಗೆ ಬರುತ್ತಿದ್ದ. ಒಂದು ದಿನ ಬೇಲಿ ಸರಿಮಾಡಲು, ಇನ್ನೊಂದು ದಿನ ಸುಮ್ಮನೆ. ಅವನು ಬಾಯಿಬಿಟ್ಟು ಏನೂ ಹೇಳಲಿಲ್ಲ, ಅವಳು ಕೇಳಲಿಲ್ಲ. ಹೇಳುವುದೇನಿದೆ, ಗೊತ್ತಿರುವುದೇ ತಾನೇ ಎಂದುಕೊಂಡಿದ್ದಳು ಹುಚ್ಚಿ!

ಆಮೇಲೆ ಬಂತು ಇದೇ ಮೇಳದ ಸ್ಪರ್ಧೆ. ಇಲ್ಲಿ ಜಾಮ್ ಮಾಡುವವರು ಚೀಸಿಗೆ ಅಂಕ ಹಾಕುತ್ತಾರೆ, ಚೀಸ್ ಮಾಡುವವರು ಜಾಮಿಗೆ. ತಟ್ಟೆಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ರೆಜಿಸ್ ಚೀಸಿನ ಮೇಜಿಗೆ ಕೂತಿದ್ದ. ಅವಳ ತಟ್ಟೆಯ ಸಂಖ್ಯೆ ಗೊತ್ತಿದ್ದ, ಸಾಸೇಜ್ ಮಾರುವ ಗಾಸ್ತೋನ್ ಓಡಿಬಂದು ಸುದ್ದಿ ಮುಟ್ಟಿಸಿದ್ದ. "ನಿನ್ನ ಚೀಸನ್ನ ಬಾಯಿಗೂ ಇಡಲಿಲ್ಲ ಕಣಮ್ಮಾ! ತಟ್ಟೆ ಆಚೆ ತಳ್ಳಿ ಎದ್ದೇ ಹೋದ!"

ಅಷ್ಟು ಜನರ ಎದುರಿಗೆ! ಅವತ್ತು ಮುಚ್ಚಿದ ಬಾಗಿಲನ್ನು ಅವಳು ಮತ್ತೆ ತೆರೆಯಲಿಲ್ಲ.

ಮಧ್ಯಾಹ್ನ ಸ್ಪರ್ಧೆಯ ಮುಖ್ಯಸ್ಥೆ ಮದಾಮ್ ವೆರ್ನೆ ಏದುಸಿರು ಬಿಡುತ್ತಾ ಬಂದರು. ಔಷಧಿ ಅಂಗಡಿ ನಡೆಸಿ ನಿವೃತ್ತರಾದ ಹೆಂಗಸು, ಇಲ್ಲ ಅನ್ನಿಸಿಕೊಂಡು ಗೊತ್ತಿಲ್ಲ.

"ಜಾಮಿನ ಮೇಜಿಗೆ ಒಬ್ಬರು ಕಮ್ಮಿ. ನೀನು ಬಾಮ್ಮ."

"ಅಲ್ಲಿ ಕುರ್ಚಿ ಇದೆಯಾ ಮದಾಮ್?"

"ಇರದೆ?"

"ಹಾಗಾದ್ರೆ ಬರ್ತೀನಿ."

"ನಿನ್ನ ಮಳಿಗೆ ನಾನು ನೋಡ್ಕೋತೀನಿ," ಅಂದ ರೆಜಿಸ್. ಬೇಡ ಅನ್ನಲೂ ಅವಳಿಗೆ ಬೇಸರವಾಯಿತು.

ಹಟ್ಟಿಯ ಕೆಲಸ ಬಿಟ್ಟು ಅವಳು ಈ ಮೇಜಿಗೆ ಬಂದದ್ದು ಇದೇ ಮೊದಲು. ಮದಾಮ್ ನಿಯಮ ಓದುತ್ತಿದ್ದರೆ ತೂಕಡಿಕೆ ಬರುತ್ತಿತ್ತು. "...ಬಟ್ಟಲು ನಿಮ್ಮವರದ್ದು ಅಂತ ಗುರುತು ಸಿಕ್ಕಿದ್ರೆ ರುಚಿ ನೋಡ್ಬೇಡಿ. ಸರಿಸಿಟ್ಟು ಎದ್ದುಬಿಡಿ. ನಮ್ಮವರಿಗೆ ನಾವೇ ಅಂಕ ಹಾಕೋದು ನ್ಯಾಯ ಅಲ್ಲ."

ಹದಿನೇಳನೇ ಬಟ್ಟಲಿಗೆ ಬಂದಾಗ ಅವಳ ಚಮಚ ನಿಂತಿತು.

ಉಳಿದವೆಲ್ಲ ಬೆಣ್ಣೆಯಷ್ಟು ನುಣ್ಣಗಿದ್ದವು. ಇದರಲ್ಲಿ ಮಾತ್ರ ಚೆಸ್ಟ್‌ನಟ್ ತುಂಡುಗಳು. 'ಪೂರ್ತಿ ಅರೀಬೇಡ ಮಾರಾಯ, ಹಲ್ಲಿಗೂ ಸ್ವಲ್ಪ ಕೆಲಸ ಇರ್ಲಿ' ಎಂದು ಆ ಶರತ್ಕಾಲದಲ್ಲಿ ಅವನ ಒಲೆಯ ಮುಂದೆ ನಿಂತು ಹೇಳಿದವಳು ಅವಳೇ. ಮೂರು ವರ್ಷ ಅವಳು ಮುಖ ತಿರುಗಿಸಿಕೊಂಡು ಓಡಾಡಿದರೂ ಅವನು ಅದನ್ನು ಬಿಟ್ಟಿರಲಿಲ್ಲ...

ಅವಳಿಗೇ ತಿಳಿಯದಂತೆ ಕೈ ಬಟ್ಟಲನ್ನು ಆಚೆ ತಳ್ಳಿತು.

ತಳ್ಳಿದ ತನ್ನ ಕೈಯನ್ನೇ ಅವಳು ನೋಡಿದಳು. ಬಾಯಿಗೂ ಇಡದೆ... ತಳ್ಳಿ...

'ಅಯ್ಯೋ ದೇವರೇ! ಅವತ್ತು ಅವನು ಮಾಡಿದ್ದೂ ಇದೇನಾ?'

"ಏನಮ್ಮಾ, ನಿಮ್ಮವರದ್ದಾ?" ಮದಾಮ್ ಲೇಖನಿ ಎತ್ತಿದರು. "ಗಂಡನಾ?"

"ಅಲ್ಲ."

"ಅಣ್ಣನಾ, ತಮ್ಮನಾ?"

"ಅಲ್ಲ..."

"ಮತ್ತಿನ್ನೇನು? ಕಾರಣ ಬರೀಬೇಕಲ್ಲ!" ಮದಾಮ್ ತಲೆ ಚಚ್ಚಿಕೊಂಡರು. "ಮೂರು ವರ್ಷದ ಹಿಂದೆ ಚೀಸಿನ ಮೇಜಲ್ಲೂ ಒಬ್ಬ ಹೀಗೇ ಎದ್ದುನಿಂತ. ಗಂಡನೂ ಅಲ್ಲವಂತೆ, ನೆಂಟನೂ ಅಲ್ಲವಂತೆ. ಏನು ಸಂಬಂಧ ಹೇಳಪ್ಪಾ ಅಂದ್ರೆ ಕಿವಿಯೆಲ್ಲ ಕೆಂಪು ಮಾಡ್ಕೊಂಡು, 'ಇನ್ನೂ ಅವಳಿಗೇ ಹೇಳಿಲ್ಲ ಮದಾಮ್, ನಿಮಗೆ ಹೇಗೆ ಹೇಳ್ಲಿ?' ಅಂದ!"

ಮೇಜಿನ ಸುತ್ತ ಎಲ್ಲರೂ ನಕ್ಕರು. ಬ್ಲಾಂಡೀನಳ ಕಣ್ಣಲ್ಲಿ ನೀರು ಒಡೆಯಿತು. ಅವಳು ಎದ್ದು ನಿಂತಳು.

"ನಿನ್ನದು ಏನಂತ ಬರೀಲಿ?"

"ನನ್ನವನು ಅಂತ ಬರ್ಕೊಳ್ಳಿ ಮದಾಮ್."

ಅವಳು ಮಳಿಗೆಗೆ ಬಂದಾಗ ರೆಜಿಸ್ ಮುದುಕರೊಬ್ಬರಿಗೆ ಅವಳ ಚೀಸ್ ಕತ್ತರಿಸಿಕೊಡುತ್ತಿದ್ದ. ಅವಳ ಮುಖ ನೋಡಿದವನೇ ಚಾಕು ಕೆಳಗಿಟ್ಟ.

"ಯಾಕೋ ಹೇಳಲಿಲ್ಲ ನನಗೆ?"

"ಎರಡು ಸಲ ಬಂದೆ. ನೀನು ಬಾಗಿಲು ತೆಗೀಲಿಲ್ಲ. ನಿನ್ನ ನಾಯಿಗೆ ಎಲ್ಲಾ ಹೇಳಿ ಹೋದೆ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ಮೂರನೇ ಸಲ ಬರೋಕೇನಾಗಿತ್ತು ನಿನಗೆ? ಮೂರು ವರ್ಷ ರೆಜಿಸ್... ಎಷ್ಟು ಸುಸ್ತಾಗಿದೀನಿ ಗೊತ್ತಾ?"

"ಹೆದರಿಕೆ ಆಯ್ತು. ತಪ್ಪು ನಂದೇ."

"ಈಗಾದ್ರೂ ಹೇಳು."

"ಇಲ್ಲೇನಾ? ಗಿರಾಕಿಗಳ ಮುಂದೆ?"

"ಹೇಳಿಬಿಡಪ್ಪಾ," ಅಂದರು ಮುದುಕರು. "ನನ್ನ ಚೀಸ್ ಆಮೇಲೆ ಕಟ್ಟಿದ್ರಾಯ್ತು."

"ನೀನಂದ್ರೆ ನನಗೆ ಪ್ರಾಣ, ಬ್ಲಾಂಡೀನ್. ಅವತ್ತೂ ಅಷ್ಟೇ, ಇವತ್ತೂ ಅಷ್ಟೇ."

ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. ಮೂರು ವರ್ಷದ ದಣಿವೆಲ್ಲ ಅಲ್ಲಿಗೆ ಇಳಿಸಿಟ್ಟಳು. ಅವನು ಬಿಗಿಯಾಗಿ ಹಿಡಿದುಕೊಂಡ.

"ಲಾರಿಯವನಿಗೆ ಸೋಮವಾರ ಬರಬೇಡ ಅಂತ ಹೇಳ್ಬೇಕು," ಅಂದಳು ಅವನ ಕೋಟಿನೊಳಗಿಂದಲೇ.

"ಹೇಳೋಣ. ಸೋಮವಾರ ಹಾಲು ಕರೆಯೋಕೆ ನಾನು ಬರ್ತೀನಿ."

"ಪೆದ್ದ! ಆಡುಗಳೆಲ್ಲ ಗಬ್ಬ ಆಗಿವೆ. ಫೆಬ್ರವರಿ ತನಕ ಒಂದು ಹನಿ ಹಾಲಿಲ್ಲ."

"ಹಾಗಾದ್ರೆ ಫೆಬ್ರವರಿ ತನಕ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡ... ಸುಮ್ನೆ ಪಕ್ಕದಲ್ಲಿರು."