ದೊಡ್ಡಪ್ಪನ ಹೊಸ ದನಿ

"ತುಂಬಿದ ಸಭೇಲಿ ತೇಗಿ ತೇಗಿ ಹೆಣ್ಣು ಕೇಳ್ತಾನಾ ನಮ್ಮಣ್ಣ? ಮನೆತನದ ಮಾನ ಏನಾಗ್ಬೇಕು!"

ತಲಾಲ್ ಕೂಗಿದ ರಭಸಕ್ಕೆ ರಫೀಫಳ ಕೈಯಲ್ಲಿದ್ದ ನೋಟ್‌ಬುಕ್ಕು ಕೆಳಗೆ ಬಿತ್ತು. ಇರಾಕಿನ ಮೋಸುಲ್‌ನಿಂದ ಜೋರ್ಡಾನಿನ ಇರ್ಬಿದ್‌ಗೆ ಬಂದು, ದೊಡ್ಡಮ್ಮ ಸಿಹಾಮಳ ಮನೆಯಲ್ಲಿದ್ದುಕೊಂಡು, ವಿಶ್ವವಿದ್ಯಾಲಯದಲ್ಲಿ ಮಾತಿನ ತೊಂದರೆಗಳ ಚಿಕಿತ್ಸೆ ಓದುತ್ತಿದ್ದ ಹುಡುಗಿ ಅವಳು. ಹೋದ ವರ್ಷ ಕ್ಯಾನ್ಸರ್ ಎಂದು ದೊಡ್ಡಪ್ಪ ಅಬೂ ಘಸ್ಸಾನರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಇಡೀ ಬೀದಿಗೆ ಕೇಳುವಂತೆ ನಗುತ್ತಿದ್ದ ಮನುಷ್ಯ ಹಲಗೆಯ ಮೇಲೆ ಬರೆದು ನೀರು ಕೇಳುವಂತಾಗಿತ್ತು... ಗಾಳಿಯನ್ನು ಅನ್ನನಾಳಕ್ಕೆಳೆದು, ತೇಗಿನಂತೆ ಮೇಲೆ ತಂದು, ಅದನ್ನೇ ಮಾತಾಗಿಸುವ ವಿದ್ಯೆಯನ್ನು ರಫೀಫ್ ತನ್ನ ಪ್ರಾಧ್ಯಾಪಕಿಯ ಕಣ್ಣೆದುರಿನಲ್ಲೇ ಎಂಟು ತಿಂಗಳು ಕಲಿಸಿದ್ದಳು. ಪಾಠ ಶುರುವಾದರೆ ಸಾಕು, ದೊಡ್ಡಪ್ಪನ ತಮ್ಮ ತಲಾಲ್ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ನಾಳೆ ದೊಡ್ಡಪ್ಪನ ಮಗ ಘಸ್ಸಾನನಿಗೆ ಹೆಣ್ಣು ಕೇಳಲು ಹೋಗಬೇಕು, ಮನೆಯ ಹಿರಿಯನೇ ಎದ್ದು ನಿಂತು ಕೇಳಬೇಕು. ತಾನೇ ಕೇಳುತ್ತೇನೆಂದು ದೊಡ್ಡಪ್ಪ ಹಟ ಹಿಡಿದು ಕೂತಿದ್ದರು!

"ಹೊರಗಿಂದ ಓದೋಕೆ ಬಂದೋಳು ನಮ್ಮಣ್ಣನ್ನ ತೋರಿಸಿ ಮಾರ್ಕ್ಸ್ ಗಿಟ್ಟಿಸ್ಕೊಂಡು ಹೋಗ್ತಾಳೆ. ನಗೆಪಾಟಲಾಗೋರು ನಾವು!"

ರಫೀಫಳಿಗೆ ಕಣ್ಣು ತುಂಬಿ ಬಂತು, ಆದರೂ ಮೈಯಲ್ಲಿ ಏನೋ ಹುಮ್ಮಸ್ಸು. "ಮಾರ್ಕ್ಸ್ ಹಾಳಾಗ್ಲಿ ಚಿಕ್ಕಪ್ಪ! ನಾಳೆ ದೊಡ್ಡಪ್ಪನ ಕೈಲಿ ಆಗ್ಲಿಲ್ಲ ಅಂದ್ರೆ ಓದೂ ಬೇಡ ಏನೂ ಬೇಡ, ಗಂಟುಮೂಟೆ ಕಟ್ಕೊಂಡು ಊರಿಗೆ ಹೊರಟೆ. ಆಯ್ತಾ?"

ಬಿದ್ದ ನೋಟ್‌ಬುಕ್ಕು ಎತ್ತಿಕೊಂಡು ಅವಳು ನೇರ ದೊಡ್ಡಪ್ಪನ ಹತ್ತಿರ ಹೋದಳು.

ಮರುದಿನ ಶುಕ್ರವಾರ, ಮಧ್ಯಾಹ್ನ ಹೆಣ್ಣಿನ ಮನೆಯ ನಡುಮನೆಯಲ್ಲಿ ಅರವತ್ತು ಗಂಡಸರು. ಹೆಂಗಸರೆಲ್ಲ ಒಳಕೋಣೆಯಲ್ಲಿ. ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿದ್ದಳು ರಫೀಫ್. ದೊಡ್ಡಪ್ಪನ ಮುಂದೆ ಕಾಫಿ ಬಟ್ಟಲು ಇಟ್ಟರು. ಕೇಳಿದ್ದಕ್ಕೆ ಒಪ್ಪಿಗೆ ಸಿಗುವವರೆಗೆ ಅದನ್ನು ಮುಟ್ಟುವಂತಿಲ್ಲ. ಕತ್ತಿನ ರಂಧ್ರ ಮುಚ್ಚಿದ್ದ ಬಿಳಿ ಬಟ್ಟೆ ಸರಿಮಾಡಿಕೊಂಡು ಅವರು ಎದ್ದರು.

"ನಿಮ್ಮ ಮಗಳು... ಲುಬ್ನಾಳನ್ನ... ನಮ್ಮ..."

ಅಷ್ಟೇ! ಎಳೆದ ಗಾಳಿ ಸಿಕ್ಕಿಕೊಂಡಿತು. ತುಟಿ ಅಲುಗುತ್ತಿದೆ, ಸದ್ದಿಲ್ಲ. ಯಾರೋ ಕೆಮ್ಮಿದರು. ತಲಾಲ್ ಧಡಕ್ಕನೆ ಮೇಲೆದ್ದ.

"ನಮ್ಮಣ್ಣನ ಪರವಾಗಿ ನಾನೇ—"

"ತಲಾಲ್! ಕೂತ್ಕೋ!"

ದೊಡ್ಡಪ್ಪನದೇ ದನಿ! ಒರಟು ದನಿ, ಒಡಕು ದನಿ. ಆದರೆ ಗುಡುಗಿತ್ತು! ತಲಾಲ್ ತಟ್ಟನೆ ಕೂತುಬಿಟ್ಟ. ರಫೀಫ್ ಪಕ್ಕದಲ್ಲಿದ್ದ ದೊಡ್ಡಮ್ಮನ ತೋಳು ಹಿಡಿದುಕೊಂಡಳು. ಹೆಣ್ಣು ಕೇಳುವ ಮಾತನ್ನು ಇನ್ನೂರು ಸಲ ಹೇಳಿಸಿದ್ದಳು ಅವಳು. ಬೈಯುವುದನ್ನು ಕಲಿಸಿರಲೇ ಇಲ್ಲ.

"ದೊಡ್ಡಮ್ಮಾ, ಅದು ನಾನು ಹೇಳ್ಕೊಟ್ಟಿದ್ದಲ್ಲ! ತಾವಾಗೇ ಬೈದ್ರು! ಯೋಚ್ನೆ ಮಾಡ್ದೆ ಬೈದ್ರು! ಮಾತು ಬಂತು ದೊಡ್ಡಮ್ಮಾ!"

ಸಿಹಾಮ್ ಅಳುತ್ತಲೇ ನಕ್ಕಳು. "ಮೂವತ್ತು ವರ್ಷ ಬೈಸ್ಕೊಂಡೋಳು ಕಣೆ ನಾನು, ನಂಗೆ ಗೊತ್ತಾಗಲ್ವಾ! ಅವರೇ... ಅವರೇ ಬೈದಿದ್ದು!"

ಹೊರಗೆ ದೊಡ್ಡಪ್ಪ ಮತ್ತೆ ಗಾಳಿ ಎಳೆದುಕೊಂಡು, ನಿಂತ ಮಾತನ್ನು ನಿಧಾನವಾಗಿ ಮುಗಿಸಿದರು. ಹೆಣ್ಣಿನ ತಂದೆ ಬಟ್ಟಲನ್ನು ಅವರತ್ತ ಸರಿಸಿದರು. "ಕಾಫಿ ಕುಡೀರಿ ಅಬೂ ಘಸ್ಸಾನ್. ಹುಡುಗಿ ನಿಮ್ಮೋಳು."

ಹೆಂಗಸರು ಖುಷಿಯಿಂದ ನಾಲಗೆ ಹೊರಳಿಸಿ ಹಾಕಿದ ಕೇಕೆಗೆ ಮನೆಯೇ ಅದುರಿತು. ಬಾಗಿಲ ಸಂದಿಯಿಂದ ರಫೀಫ್ ಮತ್ತೆ ಇಣುಕಿದಳು. ಅಷ್ಟು ಜನರೆದುರಿಗೆ, ತಲೆಬಟ್ಟೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಅಣ್ಣನ ಮೊಣಕಾಲು ಹಿಡಿದು ಕೂತಿದ್ದ ತಲಾಲ್.

"ಇನ್ನೊಂದ್ಸಲ ಬೈಯಣ್ಣಾ..." ಎನ್ನುತ್ತಿದ್ದ. "ಇನ್ನೊಂದೇ ಒಂದ್ಸಲ!"