ಮತ್ತಿಮರದ ಅಗುಳಿ

ಯುಗಾದಿಯ ಬೆಳಗು. ಹಾಲಗಲ್ಲಿನ ಕರಿಕಲ್ಲಿನ ಕೋಟೆಯ ಮೇಲೆ ಬಿಸಿಲು ಏರುತ್ತಿತ್ತು. ಮನೆಮನೆಯ ಬಾಗಿಲಲ್ಲಿ ಮಾವಿನ ತೋರಣ, ಬೀದಿಯಲ್ಲಿ ಹೊಸ ರಂಗೋಲಿ, ಅರಮನೆಯ ಮುಂದೆ ಕಹಳೆ. ಆದರೆ ದೊರೆ ಅರಮನೆಯಲ್ಲಿರಲಿಲ್ಲ. ಆ ಒಂದು ದಿನ ಹಾಲಗಲ್ಲಿನ ಅರಸನು ಕಿರೀಟ, ಛತ್ರ, ಖಡ್ಗಗಳನ್ನು ತ್ಯಜಿಸಿ, ಮುಚ್ಚಿದ ಹೆಬ್ಬಾಗಿಲಿನ ಹೊರಗೆ ಬರಿಗಾಲಲ್ಲಿ ನಿಲ್ಲಬೇಕು. "ಹೊರಗೆ ಯಾರು?" ಎಂದು ಒಳಗಿನವರು ಕೇಳಿದರೆ ಬಿರುದಿಲ್ಲದೆ ಬರಿಯ ಹೆಸರು ಹೇಳಬೇಕು. ಬಾಗಿಲಿಗೆ ಅಡ್ಡವಾಗಿದ್ದ ಮತ್ತಿಮರದ ಅಗುಳಿ ಎಷ್ಟು ಭಾರವೆಂದರೆ, ಊರಿನ ಕೇರಿಗಳೆಲ್ಲ ಕೂಡಿ ಹೆಗಲು ಕೊಟ್ಟರೆ ಮಾತ್ರ ಏಳುತ್ತಿತ್ತು. ಎದ್ದರೆ ಆತ ಇನ್ನೊಂದು ವರ್ಷ ದೊರೆ. ಏಳದಿದ್ದರೆ ಬಿಸಿಲಲ್ಲಿ ನಿಂತ ಒಬ್ಬ ಗಂಡಸು, ಅಷ್ಟೇ.

ಈಗಿನ ದೊರೆ ಇರುಂಗರಸನ ದೊಡ್ಡಪ್ಪ ಹಾಗೆ ಹೊರಗುಳಿದು ಕಾಡು ಸೇರಿದ್ದ. ಆಗ ಬಾಗಿಲಿನ ನಾಯಕ ಮಸಣಯ್ಯ ಕೇರಿಕೇರಿ ತಿರುಗಿ, ಒಲೆಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದ: "ಇರುಂಗ ನಿಮ್ಮ ಮಾತು ಕೇಳುತ್ತಾನೆ." ಜನ ಇರುಂಗನ ಮುಖ ನೋಡಿ ಅಗುಳಿ ಎತ್ತಲಿಲ್ಲ, ಮಸಣಯ್ಯನ ಮುಖ ನೋಡಿ ಎತ್ತಿದರು.

ಆ ಇರುಂಗ ಈಗ ಊರಕೆರೆಯ ನೀರನ್ನು ಅರಮನೆಯ ಹೂದೋಟಕ್ಕೆ ತಿರುಗಿಸಿಕೊಂಡಿದ್ದ.

"ನಿನ್ನ ದೊರೆಯ ಸಂಪಿಗೆಗೆ ತಿಳಿನೀರು, ನಮ್ಮ ಮಕ್ಕಳಿಗೆ ಕೆಸರು," ಎಂದಿದ್ದಳು ಗಾಣಿಗರ ಕೇರಿಯ ಹಿರಿಯಳು ನಾಗಬ್ಬೆ. "ಈ ಸಲ ಊರಿಗೆಲ್ಲ ಹೆಗಲುನೋವು, ನಾಯಕ. ಯಾರೂ ಬರುವುದಿಲ್ಲ."

"ಬರಬೇಡಿ, ಅಕ್ಕ. ಬಿಸಿಲಲ್ಲಿ ನಿಂತರೆ ಬುದ್ಧಿ ಬಂದೀತು. ನೀರು ಬಿಡುತ್ತೇನೆಂದು ಬಾಯಿ ಬಿಡಿಸಿಯೇ ಒಳಗೆ ಕರೆಯೋಣ. ಅದಕ್ಕೆ ನಾನು ಹೊಣೆ," ಎಂದಿದ್ದ ಮಸಣಯ್ಯ.

ಕೇರಿಗಳು ಬರಲಿಲ್ಲ. ಆದರೂ ಹೆಬ್ಬಾಗಿಲು ತೆರೆಯಿತು.

ಪ್ರಧಾನಿ ಕೇತಮಯ್ಯನ ಎಂಟು ಮಂದಿ ಸೇವಕರು ಹೂಮಾಲೆ ಸುತ್ತಿದ ಅಗುಳಿಯನ್ನು ನಗುನಗುತ್ತ ಎತ್ತಿ ಬದಿಗಿಟ್ಟರು. ಮಸಣಯ್ಯ ಓಡಿಬಂದು ಮುಟ್ಟಿದ. ಉಗುರು ಒಳಗಿಳಿಯಿತು. ಬೂರುಗದ ಹಗುರ ಮರ, ಮೇಲೆ ಮಸಿ ಮತ್ತು ಎಣ್ಣೆ. ಸರಿಪಡಿಸುವ ನೆಪದಲ್ಲಿ ಕೇತಮಯ್ಯ ಒಯ್ದಿದ್ದ ಮತ್ತಿಯ ಅಗುಳಿ ಆನೆಲಾಯದ ಹಿಂದೆ ಬಿದ್ದಿತ್ತು.

"ಪ್ರಭು, ಇದು ತಮಗೆ ತಿಳಿದಿತ್ತೆ?"

ಇರುಂಗರಸ ಪಾದದ ಧೂಳು ಒರೆಸಿಕೊಂಡ. "ಸಂಪ್ರದಾಯವೇನೂ ಮುರಿಯಲಿಲ್ಲವಲ್ಲ, ಮಸಣಯ್ಯ. ಹೊರಗೆ ನಿಂತೆ, ಅಗುಳಿ ಎದ್ದಿತು, ಒಳಗೆ ಬಂದೆ. 'ಕೇರಿಗಳು ತೆರೆದವು' ಎಂದು ಸಾರು. ಅದು ನಿನ್ನ ಕೆಲಸ."

"ಅವರ ಒಲೆಯ ಮೇಲೆ ಕೈಯಿಟ್ಟವನು ನಾನು, ಪ್ರಭು. ತಾವಲ್ಲ."

ಮಸಣಯ್ಯ ತನ್ನ ಅಧಿಕಾರದ ಬೆತ್ತವನ್ನು ಅರಸನ ಕಾಲ ಬಳಿ ಎಸೆದು ನಡೆದ. ಬೇರೊಬ್ಬ ಸಾರಿದ. ಸುಳ್ಳಿಗೆ ಗಂಟಲು ಯಾವ ಅರಮನೆಯಲ್ಲಿ ಸಿಕ್ಕುವುದಿಲ್ಲ?

ನಡೆದದ್ದನ್ನೆಲ್ಲ ಮಸಣಯ್ಯ ಗಾಣದ ಮುಂದೆ ನಿಂತು ಹೇಳಿದಾಗ ನಾಗಬ್ಬೆ ಬಯ್ಯಲಿಲ್ಲ. "ದೊರೆಗಳು ನಮಗೆ ಮೋಸ ಮಾಡುವುದು ಹೊಸದೇನಲ್ಲ," ಎಂದಳು. "ನಿನಗೂ ಮಾಡಿದನಲ್ಲ, ಅದು ಹೊಸದು."

ಮಳೆಗಾಲ ಕಳೆದು ಇರುಂಗರಸ ಬೇಟೆಗೆ ಹೋದ. ಮರಳಿದಾಗ ಹೆಬ್ಬಾಗಿಲು ಮುಚ್ಚಿತ್ತು. ಕೇತಮಯ್ಯ ತನ್ನ ಅಳಿಯನಿಗೆ ಪಟ್ಟಕಟ್ಟಿ, ಅದೇ ಎಂಟು ಮಂದಿಯಿಂದ ಅದೇ ಬೂರುಗದ ಅಗುಳಿ ಹಾಕಿಸಿ, 'ಕೇರಿಗಳು ಮುಚ್ಚಿದವು' ಎಂದು ಸಾರಿಸಿದ್ದ.

"ಕೇರಿಯವರೇ, ನಾನು ನಿಮ್ಮ ಇರುಂಗ!" ಎಂದು ಹೊರಗಿನಿಂದ ಕೂಗು ಕೇಳಿತು. "ಮಸಣಯ್ಯ, ನೀನಾದರೂ ಬಾ!"

ಮಸಣಯ್ಯ ಬಂದ, ಕೈಯಲ್ಲಿ ಕೊಡಲಿ. ಅವನ ಹಿಂದೆ ಕೇರಿಗಳೆಲ್ಲ ಮತ್ತಿಯ ಅಗುಳಿಗೆ ಹೆಗಲು ಕೊಟ್ಟು, ಏದುಸಿರು ಬಿಡುತ್ತ ಬಂದವು.

"ಒದ್ದವನ ಕಾಲನ್ನೇ ನೆಕ್ಕಲು ಬಂದಿರೇನು, ನಾಯಕರೇ?" ಎಂದು ಕೇತಮಯ್ಯ ಅಣಕಿಸಿದ.

"ಅವನಿಗೂ ಅಲ್ಲ, ನಿಮಗೂ ಅಲ್ಲ. ಎಂಟು ಜನ ಎತ್ತುವ ಅಗುಳಿ ಈ ಬಾಗಿಲಿಗೆ ಬೇಡ."

ಒಂದೇ ಏಟಿಗೆ ಬೂರುಗ ಇಬ್ಭಾಗವಾಯಿತು. ಆ ಕ್ಷಣವೇ ಸೇವಕನೊಬ್ಬನ ಈಟಿ ಮಸಣಯ್ಯನ ಪಕ್ಕೆಯನ್ನು ಸೀಳಿತು. ಹೊರಗಿದ್ದ ಇರುಂಗನ ಬೇಟೆಯ ಪರಿವಾರದವರು ಕದ ನೂಕತೊಡಗಿದರು. ಮಸಣಯ್ಯ ಕದಕ್ಕೆ ಬೆನ್ನುಕೊಟ್ಟು, ಹಿಮ್ಮಡಿಯನ್ನು ನೆಲಕ್ಕೆ ಊರಿ, ಮತ್ತಿಯ ಅಗುಳಿ ತನ್ನ ಗೂಡಿಗೆ ಬೀಳುವವರೆಗೂ ತಾನೇ ಅಗುಳಿಯಾಗಿ ನಿಂತ. ಆಮೇಲೆ ಕುಸಿದ. ಅಷ್ಟು ಜನರ ಮುಂದೆ ಎಂಟೂ ಈಟಿಗಳು ನೆಲಕ್ಕೆ ಬಿದ್ದವು.

"ಅಕ್ಕ, ನನ್ನ ಭಾಷೆ..."

"ಉಳಿಯಿತು, ನಾಯಕ."

ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ನಾಗಬ್ಬೆ ಬಾಗಿಲತ್ತ ತಿರುಗಿದಳು. "ಹೊರಗೆ ಯಾರು?"

"ನಿಮ್ಮ ದೊರೆ!"

"ಯುಗಾದಿಗೆ ಬಾ," ಎಂದಳು ಅವಳು. "ಬರಿಗಾಲಲ್ಲಿ ಬಾ. ಪ್ರಧಾನಿಗಳ ಅಳಿಯನೂ ನಿನ್ನ ಪಕ್ಕದಲ್ಲೇ ನಿಂತಿರುತ್ತಾನೆ. ಹೆಗಲು ಕೊಡಬೇಕೋ ಬೇಡವೋ, ಅಂದು ನೋಡುತ್ತೇವೆ."