ಹತ್ತದ ಕೆಂಪು ದೀಪ

“ಮೂರು ಗಂಟೆಗೆ ಅಣೆಕಟ್ಟಿನ ಬಾಗಿಲು ತೆಗೀತಾರೆ. ಯಾರಿಗೂ ಕಾಯಲ್ಲ,” ಎಂದ ಮೇಲ್ವಿಚಾರಕ. “ಅಷ್ಟರೊಳಗೆ ಯಂತ್ರ ಮೇಲೆ ಬಂದ್ರೆ ಸರಿ. ಬರದಿದ್ರೆ ಅದನ್ನ ಬಿಟ್ಟು, ಮುದುಕನ್ನ ಎಬ್ಬಿಸ್ಕೊಂಡು ಬನ್ನಿ.”

“ಮುದುಕ ಅಲ್ಲ, ನಮ್ಮ ಚಿಕ್ಕಪ್ಪ,” ಎಂದ ಪಟಾಕಿ.

ಪಟಾಕಿ ಮೆಕ್ಯಾನಿಕ್. ವಯಸ್ಸು ಇಪ್ಪತ್ತಮೂರು. ಕಿಡಿ ತಾಗುವುದೇ ತಡ, ಸಿಡಿಯುತ್ತಾನೆಂದು ಆ ಹೆಸರು. ಏಳನೇ ತರಗತಿಯಲ್ಲಿ ಮೇಷ್ಟ್ರಿಗೆ ಎದುರುತ್ತರ ಕೊಟ್ಟು, ಪುಸ್ತಕದ ಚೀಲ ಬಿಸಾಡಿ ಬಂದವನ ಕೈಗೆ ಸ್ಪ್ಯಾನರ್ ಕೊಟ್ಟಿದ್ದು ಈ ಚಿಕ್ಕಪ್ಪನೇ. ಈಗ ಅದೇ ಚಿಕ್ಕಪ್ಪ ಕಣಿವೆಯ ತಳದಲ್ಲಿ, ನೀರಿಲ್ಲದ ನದಿಯ ನಟ್ಟನಡುವೆ, ಕೆಟ್ಟು ನಿಂತ ಎಕ್ಸ್‌ಕವೇಟರಿನೊಳಗೆ ಕೂತಿದ್ದ. ನದಿಯ ಹೂಳು ತೆಗೆಯಲು ಕಳಿಸಿದವರು ತಣ್ಣಗಿನ ಕೋಣೆಯಲ್ಲಿ ಕೂತು ಬಾಗಿಲು ತೆಗೆಯುವ ಗಂಟೆಯನ್ನೂ ಗೊತ್ತು ಮಾಡಿದ್ದರು. ಚಿಕ್ಕಪ್ಪ ವಾಕಿಟಾಕಿಯಲ್ಲಿ ಒಂದೇ ಮಾತು ಹೇಳಿದ್ದ: “ಇಪ್ಪತ್ತು ವರ್ಷ ಅನ್ನ ಹಾಕಿದೆ ಇದು. ಇದನ್ನ ನೀರಿಗೆ ಬಿಟ್ಟು ನಾನೊಬ್ಬನೇ ಬರಲ್ಲ.”

ಹಿಂದಿನ ದಿನವೇ ಪಟಾಕಿ ವಾಕಿಟಾಕಿಯಲ್ಲಿ ಅವನನ್ನು ವಿಚಾರಿಸಿದ್ದ. “ಇಂಜಿನ್ ಓಡುವಾಗ ಚಾರ್ಜಿಂಗಿನ ಕೆಂಪು ದೀಪ ಹತ್ತಿತ್ತಾ?”

“ಇಲ್ಲ ಕಣೋ. ಹತ್ತಿರಲಿಲ್ಲ.”

ಹತ್ತಿದ್ದರೆ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಕೆಟ್ಟಿದೆ ಎಂದರ್ಥ. ಹತ್ತಿಲ್ಲವೆಂದರೆ ಚಾರ್ಜಿಂಗ್ ಸರಿಯಿದೆ, ಬ್ಯಾಟರಿಗಳೇ ಮುದಿಯಾಗಿವೆ. ಹೊಸ ಎರಡು ಬ್ಯಾಟರಿ ಒಯ್ದರೆ ಮುಗಿಯಿತು.

ಬೆಳಿಗ್ಗೆ ಎಂಟಕ್ಕೆ ಹೊರಟರು. ಪಟಾಕಿಯ ಜೊತೆ ಉಗ್ರಾಣ ನೋಡಿಕೊಳ್ಳುವ ಸ್ಟೋರಕ್ಕ. ತನ್ನ ಬ್ಯಾಟರಿಗಳನ್ನು ಯಾರದೋ ಕೈಗೆ ಒಪ್ಪಿಸಿ ಸುಮ್ಮನಿರುವ ಹೆಂಗಸಲ್ಲ ಅವಳು. ಬ್ಯಾಟರಿ ಹೊರಲು ಒಂದು ಹೇಸರಗತ್ತೆ, ಅದರ ಹಿಂದೆ ಅದರ ಯಜಮಾನ.

ಜೀಪಿನ ರಸ್ತೆಗೆ ಬಂಡೆಗಳು ಉರುಳಿದ್ದವು. ಎಕ್ಸ್‌ಕವೇಟರಾದರೆ ಅವನ್ನು ಬದಿಗೆ ತಳ್ಳಿಕೊಂಡು ಬರಬಲ್ಲದು, ಜೀಪಿಗೆ ಆ ಶಕ್ತಿಯಿಲ್ಲ. ಹಾಗಾಗಿ ಕಾಲುದಾರಿ ಹಿಡಿದರು. ಅದು ಮೊದಲು ಎತ್ತರದ ಮರಗಳ ಕಾಡಿನೊಳಗೆ ಇಳಿಯಿತು; ಅಲ್ಲಿ ಬಿಸಿಲು ಚಿಲ್ಲರೆ ಕಾಸಿನಂತೆ ನೆಲದ ಮೇಲೆ ಚೆಲ್ಲಿತ್ತು, ಕೊಳೆತ ಎಲೆಯ ಮೇಲೆ ಹೆಜ್ಜೆಯ ಸದ್ದೇ ಏಳುತ್ತಿರಲಿಲ್ಲ. ಕಾಡು ಮುಗಿದದ್ದೇ ತಡ, ಬೆಟ್ಟದ ಎದೆಗೆ ಉಗುರಿನಿಂದ ಗೀರಿದಂಥ ಕಿರುದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಬಹಳ ಕೆಳಗೆ ನದಿಯ ಬಿಳಿ ಕಲ್ಲುಗಳ ನಡುವೆ ಹಳದಿ ಚುಕ್ಕೆಯೊಂದು ಕಾಣಿಸಿತು.

“ಅಗೋ, ಚಿಕ್ಕಪ್ಪ!” ಪಟಾಕಿ ದಾಪುಗಾಲು ಹಾಕಿದ.

“ಮೆಲ್ಲಗೆ ಹೋಗಪ್ಪಾ,” ಎಂದಳು ಸ್ಟೋರಕ್ಕ. “ನೀನು ಬಿದ್ರೆ ನಿನ್ನ ಬದಲಿಗೆ ಕೊಡೋಕೆ ನನ್ನ ಉಗ್ರಾಣದಲ್ಲಿ ಇನ್ನೊಂದಿಲ್ಲ.”

ಆಗ ಕಲ್ಲು ಜಾರಿತು.

ಹೇಸರಗತ್ತೆಯ ಹಿಂಗಾಲು ಗಾಳಿಗೆ ಹೋಯಿತು. ಅದು ಮಂಡಿಯೂರಿತು. ಯಜಮಾನ ಹಗ್ಗ ಹಿಡಿದು ಹಿಂದಕ್ಕೆ ಒರಗಿದ. ಪಟಾಕಿ ಹಾರಿ ಬಂದು ಅದರ ಕೊರಳಿಗೆ ಜೋತುಬಿದ್ದ.

ಬ್ಯಾಟರಿ ಬಿಗಿದಿದ್ದ ಪಟ್ಟಿ ಕಿತ್ತುಹೋಯಿತು. ಒಂದು ಬ್ಯಾಟರಿ ಜಾರಿ, ಬಂಡೆಯಿಂದ ಬಂಡೆಗೆ ಬಡಿಯುತ್ತಾ ಕೆಳಗೆ ಹೋಯಿತು. ಬಹಳ ಹೊತ್ತಿನ ಮೇಲೆ ಅದರ ಸದ್ದು ನಿಂತಿತು.

“ಹಾಳಾದ ಕತ್ತೆ!” ಪಟಾಕಿ ಸಿಡಿದ.

“ಕತ್ತೆ ಅನ್ಬೇಡ ತಮ್ಮಾ,” ಎಂದ ಯಜಮಾನ, ಅದರ ನಡುಗುವ ಕಿವಿ ಸವರುತ್ತಾ. “ಇವಳಪ್ಪ ಮಾತ್ರ ಕತ್ತೆ. ತಾಯಿ ಕಡೆಯವರು ಮರ್ಯಾದಸ್ಥರು.”

ಸ್ಟೋರಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಪಟಾಕಿ ನಗಲಿಲ್ಲ. ಉಳಿದ ಬ್ಯಾಟರಿಯನ್ನು ತನ್ನ ಬೆನ್ನಿಗೇ ಕಟ್ಟಿಸಿಕೊಂಡ.

ಕಣಿವೆ ಮುಟ್ಟುವಾಗ ಹನ್ನೆರಡೂವರೆ. ಕ್ಯಾಬಿನ್ನಿನಿಂದ ಇಳಿದ ಚಿಕ್ಕಪ್ಪ ಮೊದಲು ನೋಡಿದ್ದು ಪಟಾಕಿಯ ಹೆಗಲನ್ನು. ಪಟ್ಟಿ ಉಜ್ಜಿ ಅಂಗಿಯ ಮೇಲೆ ರಕ್ತ ಮೂಡಿತ್ತು.

“ಏನೋ ಇದು?”

“ಅದಿರಲಿ, ಜರುಗಿ.”

ಯಂತ್ರಕ್ಕೆ ಎರಡು ಬ್ಯಾಟರಿ ಬೇಕು. ಹೊಸದರ ಜೊತೆಗೆ ಹಳೆಯ ಎರಡರಲ್ಲಿ ತುಸು ಜೀವವಿದ್ದದ್ದನ್ನು ಜೋಡಿಸಿದ. ಚಿಕ್ಕಪ್ಪ ಕೀಲಿ ತಿರುಗಿಸಿದ. ಇಂಜಿನ್ ನರಳಿತು, ಕೆಮ್ಮಿತು, ಗುಡುಗಿತು. ಸ್ಟೋರಕ್ಕ ಚಪ್ಪಾಳೆ ತಟ್ಟಿದಳು.

ಪಟಾಕಿ ಮೀಟರ್ ಹಿಡಿದು ನೋಡಿದ. ಇಪ್ಪತ್ತೆಂಟು ವೋಲ್ಟ್ ಇರಬೇಕಾದಲ್ಲಿ ಇಪ್ಪತ್ತಮೂರು. ನೋಡನೋಡುತ್ತಲೇ ಇಪ್ಪತ್ತೆರಡು. ಡೀಸೆಲ್ ಬಿಡುವ ಕವಾಟ ಕರೆಂಟಿಲ್ಲದೆ ಮುಚ್ಚಿಕೊಂಡಿತು, ಇಂಜಿನ್ ಸತ್ತಿತು.

“ಚಾರ್ಜಿಂಗ್ ಆಗ್ತಿಲ್ಲ!” ಎಂದು ಕೂಗಿದ. “ಮತ್ತೆ ದೀಪ ಯಾಕೆ ಹತ್ತಲಿಲ್ಲ?”

ಚಿಕ್ಕಪ್ಪ ಕೀಲಿಯನ್ನು ಹಿಂದಕ್ಕೆ ತಿರುಗಿಸಿ ಕೆಳಗಿಳಿದ.

ಹಳೆ ಬ್ಯಾಟರಿ ಕೊನೆಯುಸಿರಿನಲ್ಲಿತ್ತು. ಹೆಚ್ಚೆಂದರೆ ಇನ್ನೊಂದು ಸಲ ಸ್ಟಾರ್ಟ್ ಆದೀತು. ಊಹೆಯ ಮೇಲೆ ಕೆಲಸ ಮಾಡುವ ಹಾಗಿರಲಿಲ್ಲ. ಪಟಾಕಿ ಕೀಲಿಯನ್ನು ಅರ್ಧ ಮಾತ್ರ ತಿರುಗಿಸಿದ. ಇಂಜಿನ್ ಓಡದೆ ಕೀಲಿ ತಿರುಗಿದಾಗ ಎಲ್ಲ ದೀಪಗಳೂ ಹತ್ತಬೇಕು. ಎಣ್ಣೆಯ ದೀಪ ಹತ್ತಿತು. ನೀರಿನ ಬಿಸಿಯ ದೀಪ ಹತ್ತಿತು. ಚಾರ್ಜಿಂಗ್ ದೀಪದ ಜಾಗ ಕಪ್ಪಾಗಿತ್ತು.

ಇಂಜಿನ್ ಪಕ್ಕಕ್ಕೆ ಓಡಿ, ಆಲ್ಟರ್ನೇಟರಿನಿಂದ ದೀಪಕ್ಕೆ ಹೋಗುವ ತೆಳು ತಂತಿಯನ್ನು ಕಳಚಿ, ಅದರ ತುದಿಯನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿದ. ಆಲ್ಟರ್ನೇಟರ್ ಏನೇ ಆಗಿರಲಿ, ಈಗ ದೀಪ ಹತ್ತಲೇಬೇಕು.

“ಹತ್ತಿತಾ ಅಕ್ಕಾ?” ಎಂದು ಕ್ಯಾಬಿನ್ನಿನ ಬಳಿ ನಿಂತಿದ್ದ ಸ್ಟೋರಕ್ಕನನ್ನು ಕೇಳಿದ.

“ಇಲ್ಲಪ್ಪಾ.”

“ಈಗ?”

“ಊಹ್ಞೂಂ.”

ಅಂದರೆ ತಂತಿ ಕಡಿದಿರಬೇಕು, ಇಲ್ಲವೇ ಬಲ್ಬು ಸುಟ್ಟಿರಬೇಕು. ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಮೀಟರಿನಲ್ಲಿ ಪರೀಕ್ಷಿಸಿದ, ಗಟ್ಟಿಯಾಗಿತ್ತು. ಡ್ಯಾಶ್‌ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ಬೆರಳು ಹಾಕಿದ. ಬಲ್ಬು ಕೂರುವ ಗುಳಿ ಖಾಲಿ.

“ಬಲ್ಬ್ ಎಲ್ಲಿ?”

ಚಿಕ್ಕಪ್ಪ ನೆಲ ನೋಡಿದ. “ನಾನೇ ತೆಗೆದೆ. ಹೋದ ವಾರ ಎಣ್ಣೆ ದೀಪದ್ದು ಸುಟ್ಟುಹೋಯ್ತು. ಎಣ್ಣೆ ಅಂದ್ರೆ ಇಂಜಿನ್ನಿನ ರಕ್ತ ಅಂತ ಇದನ್ನ ಕಿತ್ತು ಅದಕ್ಕೆ ಹಾಕಿದೆ. ಬರೀ ದೀಪ ತಾನೆ ಅಂದ್ಕೊಂಡೆ.”

ಬರೀ ದೀಪವಲ್ಲ. ಆಲ್ಟರ್ನೇಟರ್ ಎಚ್ಚರಗೊಳ್ಳಲು ಮೊದಲು ಚಿಟಿಕೆಯಷ್ಟು ಕರೆಂಟು ಬೇಕು. ಈ ಯಂತ್ರದಲ್ಲಿ ಅದು ಬರುವುದು ಆ ಬಲ್ಬಿನ ಮೂಲಕವೇ. ಒಂದು ವಾರದಿಂದ ಯಂತ್ರ ಬ್ಯಾಟರಿಯನ್ನು ತಿಂದೇ ಬದುಕಿತ್ತು.

“ನಿನ್ನೆ ಕೇಳಿದಾಗ ಹೇಳೋಕೇನಾಗಿತ್ತು?” ಪಟಾಕಿಯ ದನಿ ಕಣಿವೆಯಲ್ಲಿ ಮೊಳಗಿತು.

“ನೀನು ಕೂಗಾಡ್ತೀಯಲ್ಲೋ. ಎಲ್ಲರೂ ವಾಕಿಟಾಕೀಲಿ ಕೇಳಿಸ್ಕೊಳ್ತಿದ್ರು.”

ಪಟಾಕಿ ಮತ್ತೆ ಬಾಯಿ ತೆರೆದ. ಚಿಕ್ಕಪ್ಪನ ಹೆಗಲು ಮೇಲಕ್ಕೆ ಹೋದವು, ಕಣ್ಣು ಮುಚ್ಚಿದವು. ಬೆತ್ತ ಬೀಳುವ ಮುಂಚೆ ಹಾಗೆ ನಿಲ್ಲುವುದನ್ನು ಪಟಾಕಿ ಬಲ್ಲ. ಏಳನೇ ತರಗತಿಯವರೆಗೂ ಅವನು ನಿಂತದ್ದೇ ಹಾಗೆ.

ಬಾಯಿ ಮುಚ್ಚಿದ. ಬಗ್ಗಿ ಸ್ಕ್ರೂಗಳನ್ನು ಆರಿಸಿಕೊಂಡ.

“ನೀರಿನ ದೀಪದ್ದು ಕಿತ್ಕೋ,” ಎಂದ ಚಿಕ್ಕಪ್ಪ ಮೆತ್ತಗೆ.

“ಬೇಡ ಚಿಕ್ಕಪ್ಪಾ. ಒಂದರ ಕಣ್ಣು ಕಿತ್ತು ಇನ್ನೊಂದಕ್ಕೆ ಹಾಕಿದ್ದು ಸಾಕು.” ತಲೆಯೆತ್ತಿ ನೋಡಿದ. ಕ್ಯಾಬಿನ್ನಿನ ಸೂರಿನಲ್ಲಿ ಒಂದು ಚಿಕ್ಕ ದೀಪವಿತ್ತು. “ಹಗಲಲ್ಲಿ ಅದರ ಕೆಲಸ ಏನೂ ಇಲ್ಲ.”

ಆ ಬಲ್ಬು ಗುಳಿಗೆ ಕೂರಲಿಲ್ಲ. ಎರಡು ತುಂಡು ತಂತಿ ಸುತ್ತಿ, ಟೇಪು ಅಂಟಿಸಿ, ಚಿಕ್ಕಪ್ಪನ ಮೂಗಿನ ಮುಂದೆಯೇ ಇಳಿಬಿಟ್ಟ. ಕಳಚಿದ ತೆಳು ತಂತಿಯನ್ನು ಮರಳಿ ಸಿಕ್ಕಿಸಿ, ಕೀಲಿ ಅರ್ಧ ತಿರುಗಿಸಿದ. ಬಲ್ಬು ಮಿಣುಕಿತು.

ಎರಡು ಗಂಟೆ ಹತ್ತು ನಿಮಿಷ.

“ಇದೇ ಕೊನೇದು,” ಎಂದ. “ನೀವೇ ಮಾಡಿ. ನಿಮ್ಮ ಕೈ ಅದಕ್ಕೆ ಗೊತ್ತು.”

ಸ್ಟಾರ್ಟರ್ ಒಂದು ಸುತ್ತು ಎಳೆಯಿತು. ಇನ್ನೊಂದು. ನಿಂತೇಬಿಟ್ಟಿತು ಎನ್ನುವಾಗ ಮೂರನೆಯದು. ಇಂಜಿನ್ ಹೊತ್ತಿತು. ಬಲ್ಬು ಉರಿಯುತ್ತಲೇ ಇತ್ತು.

“ಸ್ವಲ್ಪ ಜೋರು ಮಾಡಿ... ಇನ್ನೂ...”

ಬಲ್ಬು ಆರಿತು. ಮೀಟರ್ ಇಪ್ಪತ್ತೆಂಟಕ್ಕೆ ಹತ್ತಿತು.

“ದೀಪ ಆರಿದ್ದಕ್ಕೆ ಕುಣಿಯೋರನ್ನ ಇವತ್ತೇ ನೋಡಿದ್ದು,” ಎಂದ ಹೇಸರಗತ್ತೆಯ ಯಜಮಾನ.

ಯಂತ್ರ ನದಿಯಿಂದ ಎದ್ದು ರಸ್ತೆಗೆ ಹತ್ತಿತು, ಉಳಿದವರು ಹೇಸರಗತ್ತೆಯೊಡನೆ ಅದರ ಹಿಂದೆ. ಚಿಕ್ಕಪ್ಪ ಬಂಡೆಗಳನ್ನು ಮಲಗಿದ ಮಗುವನ್ನು ಸರಿಸುವಂತೆ ಸರಿಸಿದ. ಒಂದು, ಎರಡು, ಏಳು. ಮೂರನೆಯ ತಿರುವು ದಾಟುವಾಗ ಮೇಲಿನಿಂದ ಸೈರನ್ ಕೂಗಿತು. ಸ್ವಲ್ಪ ಹೊತ್ತಿಗೆ ಕಂದುಬಣ್ಣದ ನೀರು ಗೋಡೆಯಂತೆ ಬಂದು, ಕೆಳಗೆ ನದಿಯಲ್ಲಿದ್ದ ಯಂತ್ರದ ಪಟ್ಟಿಗಾಲಿಯ ಗುರುತುಗಳನ್ನು ಅಳಿಸಿಕೊಂಡು ಹೋಯಿತು.

ಸಂಜೆ ಐದಕ್ಕೆ ಯಂತ್ರ ಶೆಡ್ಡಿನ ಮುಂದೆ ನಿಂತಿತು. ಮೇಲ್ವಿಚಾರಕ ಗಡಿಯಾರ ನೋಡಿಕೊಂಡ. “ಏನಾಗಿತ್ತಂತೆ?”

ಚಿಕ್ಕಪ್ಪ ಕ್ಯಾಬಿನ್ನಿನ ಬಾಗಿಲು ಎಳೆದುಕೊಂಡ.

“ಬಲ್ಬ್ ಹೋಗಿತ್ತು,” ಎಂದ ಪಟಾಕಿ. “ಬಿಡಿ ಬಲ್ಬ್ ಕೊಡಿ ಅಂತ ನಾಲ್ಕು ಸಲ ಬರೆದುಕೊಟ್ಟಿದ್ದೆ. ಸ್ಟೋರಕ್ಕನ್ನ ಕೇಳಿ.”

“ನಾಲ್ಕಲ್ಲ, ಐದು,” ಎಂದಳು ಸ್ಟೋರಕ್ಕ. ಮೇಲ್ವಿಚಾರಕ ಏನೋ ಜ್ಞಾಪಕ ಬಂದವನಂತೆ ಒಳಗೆ ಹೋದ.

ಪಟಾಕಿ ಕ್ಯಾಬಿನ್ ಹತ್ತಿ, ಸೀಟಿನ ಪಕ್ಕದ ಕಬ್ಬಿಣದ ಮೇಲೆ ಕೂತ. ಚಿಕ್ಕಪ್ಪ ಅವನ ಹೆಗಲಿನ ಗಾಯಕ್ಕೆ ಒದ್ದೆ ಬಟ್ಟೆ ಒತ್ತಿದ. ಉರಿಯಿತು, ಪಟಾಕಿ ಸಿಡಿಯಲಿಲ್ಲ.

“ಆ ದೀಪದ ವಿಷಯ ನನಗೆ ಸರಿಯಾಗಿ ಹೇಳ್ಕೊಡೋ,” ಎಂದ ಚಿಕ್ಕಪ್ಪ. “ನಿಧಾನಕ್ಕೆ.”

“ಇಂಜಿನ್ ನಿಲ್ಲಿಸಿ. ಹಾಂ. ಈಗ ಕೀಲಿ ಅರ್ಧ ತಿರುಗಿಸಿ. ಎಷ್ಟು ದೀಪ ಹತ್ತಿವೆ, ಎಣಿಸಿ.”

ಚಿಕ್ಕಪ್ಪ ಬೆರಳಿಟ್ಟು ಎಣಿಸತೊಡಗಿದ. ನಡುವೆ ಲೆಕ್ಕ ತಪ್ಪಿತು.

“ಪರವಾಗಿಲ್ಲ,” ಎಂದ ಪಟಾಕಿ. “ಮೊದಲಿಂದ ಎಣಿಸಿ.”